ಕೊಳ್ಳೇಗಾಲದ ಬಿಚ್ಚಾಣಿಕೆ

ರೇಷ್ಮೆಗೂಡೊಂದನ್ನು ಅಂಗೈಯಲ್ಲಿಟ್ಟುಕೊಂಡು ಅದರಿಂದ ಎಳೆ ಎಳೆಯಲು ಒಮ್ಮೆಯಾದರೂ ಯತ್ನಿಸಿ ಸೋತವನಿಗೆ, ಕೊಳ್ಳೇಗಾಲದ ನೂಲು ಬಿಚ್ಚುವವರ ಕುಲುಮೆಯ ಮುಂದೆ ಒಂದು ಗಳಿಗೆ ನಿಂತಾಗ ದೊರೆಯುವ ಸಮಾಧಾನವು ವಿಲಕ್ಷಣವಾದುದು. ಹುಳುವು ತನ್ನ ಬಾಯಿಂದ ಎರಡು ಮೂರು ದಿವಸ ಬಿಡುವಿಲ್ಲದೆ ಸುತ್ತಿದ ನೂರಾರು ಮೀಟರಿನ ಎಳೆಯು ಒಂದೇ ಎಳೆಯಾಗಿಯೇ ಇದ್ದರೂ, ತನ್ನ ಮೇಲಿನ ಅಂಟಿನಿಂದ ತನಗೆ ತಾನೇ ಮೆತ್ತಿಕೊಂಡು ಕಡಲೆಕಾಯಿಯ ಸಿಪ್ಪೆಯಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಉಗುರಿನಿಂದ ಕೆರೆದರೆ ಹರಿಯುತ್ತದೆಯೇ ಹೊರತು ಬಿಚ್ಚಿಕೊಳ್ಳದು. ಕುದಿಯುವ ನೀರಿಗೆ ಬಿದ್ದು, ಅಂಟು ಸಡಿಲಗೊಂಡು, ಕಡ್ಡಿಯಿಂದ ಮೆಲ್ಲಗೆ ಕದಡಿದ ಮೇಲೆ ತಾನಾಗಿಯೇ ಎಳೆಯ ತುದಿಯೊಂದು ಕಡ್ಡಿಗೆ ಹತ್ತಿಕೊಳ್ಳುತ್ತದೆ. ಹತ್ತಾರು ಗೂಡುಗಳ ತುದಿಗಳನ್ನು ಒಟ್ಟುಗೂಡಿಸಿ ಸಣ್ಣ ಕಣ್ಣೊಂದರ ಮೂಲಕ ಹಾಯಿಸಿ ಚರಕದ ರಾಟೆಗೆ ಕೊಟ್ಟರೆ, ಅಲ್ಲಿಂದ ಮುಂದಿನದು ರಾಟೆ ತಿರುಗಿಸುವವನ ತೋಳಿನ ಕೆಲಸ. ಈ ಕಸಬಿಗೆ ಕನ್ನಡದಲ್ಲಿ ನೂಲು ಬಿಚ್ಚಾಣಿಕೆ ಎಂದು ಹೆಸರು. ಎಳೆಯುವುದೆಂದಾಗಲಿ ತೆಗೆಯುವುದೆಂದಾಗಲಿ ಅನ್ನದೆ ಬಿಚ್ಚುವುದೆಂದ ಆ ಅನಾಮಿಕ ಕಸಬುದಾರನಿಗೆ ವಿಷಯದ ಮರ್ಮವು ತಿಳಿದಿದ್ದಿತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಮರ್ಮದ ಸಂಗತಿಯನ್ನೇ. ಆದರೆ ಅಲ್ಲಿಗೆ ಹೋಗುವ ದಾರಿಯು ಕೊಳ್ಳೇಗಾಲದ ಸಂತೆಬೀದಿಯಿಂದ ಹೊರಟು, ಎಳಂದೂರಿನ ಜಹಗೀರನ್ನು ಹಾದು, ಹನೂರಿನ ಹೊಲದಲ್ಲಿ ಒಂದು ಪತಂಗವನ್ನು ನೋಡಿಕೊಂಡು ಬರತಕ್ಕದ್ದಾದುದರಿಂದ ಓದುಗರು ಸ್ವಲ್ಪ ತಾಳ್ಮೆಯಿಂದಿರಬೇಕು.

ಈ ಮೂರು ಊರುಗಳು ಇಂದು ಒಂದೇ ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕುಗಳ ಕೇಂದ್ರಗಳಾಗಿ ಒಂದೇ ಬಸ್ಸಿನ ದಾರಿಯ ನಿಲ್ದಾಣಗಳಂತೆ ತೋರಿದರೂ, ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಇವುಗಳ ನಡುವೆ ಎರಡು ಸರ್ಕಾರಗಳ ಗಡಿಯು ಹಾದುಹೋಗಿದ್ದಿತೆಂಬುದನ್ನು ಈಗಿನವರು ಬಹುಮಟ್ಟಿಗೆ ಮರೆತಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ನಡೆದ ಪಾಲುಪಟ್ಟಿಯಲ್ಲಿ, ಕನ್ನಡ ಮಾತನಾಡುವ ಕೊಳ್ಳೇಗಾಲ ಸೀಮೆಯು ತನ್ನ ಹನೂರು, ಕೌದಳ್ಳಿ, ರಾಮಾಪುರಗಳೊಂದಿಗೆ ಈಸ್ಟ್ ಇಂಡಿಯಾ ಕಂಪೆನಿಯವರ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿಹೋಯಿತು; ನೆರೆಯಲ್ಲೇ ಇದ್ದ ಎಳಂದೂರು ಮೈಸೂರಿನದಾಗಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಎಳಂದೂರಿನ ಹೊನ್ನುಹೊಳೆಯ ದಡದ ರೈತನೊಬ್ಬನು ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟರೆ ಅವಳು ಮದರಾಸು ಪ್ರಾಂತದವಳಾದಳು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಮರಳುವವರೆಗೂ ಈ ಸ್ಥಿತಿ ನಡೆಯಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗೆದ್ದ ಸೀಮೆಗಳ ಬೆಳೆ ಕಸಬುಗಳನ್ನು ಬರೆದುಕೊಳ್ಳುತ್ತ ಹನೂರು ಕೌದಳ್ಳಿಗಳ ಮಾರ್ಗವಾಗಿ ಕಾವೇರಿಪುರದ ಕಣಿವೆಯನ್ನು ಇಳಿದು ಹೋದದ್ದು ಈ ಗಡಿಯ ಮಸಿ ಇನ್ನೂ ಆರದಿದ್ದ ಕಾಲದಲ್ಲಿ.

ರೇಷ್ಮೆಯು ಈ ನಾಡಿಗೆ ಬಂದ ಕಥೆಯು ಟಿಪ್ಪೂ ಸುಲ್ತಾನನ ಹೆಸರಿನೊಡನೆ ಹೆಣೆದುಕೊಂಡಿದೆ. 1786ರ ಸುಮಾರಿನಲ್ಲಿ ಅವನು ಹುಳುಗಳನ್ನು ತರಲೆಂದು ಬಂಗಾಳಕ್ಕೆ ಆಳುಗಳನ್ನು ಅಟ್ಟಿ, ಅವುಗಳನ್ನು ಸಾಕಲು 21 ಕಡೆಗಳಲ್ಲಿ ಏರ್ಪಾಟು ಮಾಡಲುದ್ಯುಕ್ತನಾದನೆಂಬುದಕ್ಕೆ ಅವನ ಪತ್ರಗಳೇ ಸಾಕ್ಷಿಯಾಗಿವೆ. ರಾಜ್ಯ ಹೋಯಿತು, ಹುಳು ಉಳಿಯಿತು. ಇಂಗ್ಲಿಷರ ಮದರಾಸು ಪ್ರಾಂತವು ಗಂಜಾಮಿನಿಂದ ತಿರುನೆಲ್ವೇಲಿಯವರೆಗೆ ಹಬ್ಬಿದ್ದರೂ, ಹಿಪ್ಪುನೇರಳೆಯನ್ನು ಬೆಳೆದು ಹುಳು ಸಾಕುವ ಕಸಬು ಅದರಲ್ಲೆಲ್ಲ ಹೆಚ್ಚು ಕಡಿಮೆ ಕೊಳ್ಳೇಗಾಲ ತಾಲ್ಲೂಕೊಂದಕ್ಕೇ ಸೀಮಿತವಾಗಿದ್ದಿತು. ಆ ಸರ್ಕಾರದ ಕಾಗದಗಳಲ್ಲಿ ರೇಷ್ಮೆ ಎಂದರೆ ಕೊಳ್ಳೇಗಾಲವೆಂದೇ ಅರ್ಥ. ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ ಸಾಲುಹಿಡಿದ ಹಿಪ್ಪುನೇರಳೆ, ಮನೆಯ ನಡುಕೋಣೆಯಲ್ಲಿ ಬಿದಿರಿನ ತಟ್ಟೆಗಳ ಅಟ್ಟಣೆ, ಹಣ್ಣಾದ ಹುಳುವಿಗೆ ಗೂಡು ಕಟ್ಟಲು ಚಂದ್ರಿಕೆ, ಪೇಟೆಯಲ್ಲಿ ದೇವಾಂಗದವರ ಮಗ್ಗ, ಮಗ್ಗದಿಂದ ಜರಿಯಂಚಿನ ವಸ್ತ್ರ: ಹೀಗೆ ಎಲೆಯಿಂದ ಸೀರೆಯವರೆಗಿನ ಇಡೀ ಸರಪಣಿಯು ಒಂದೇ ತಾಲ್ಲೂಕಿನೊಳಗೆ ಪೂರೈಸುತ್ತಿದ್ದುದೊಂದು ವಿಶೇಷ.

ಸಾಕುತ್ತಿದ್ದ ಹುಳು ಮೈಸೂರು ತಳಿ. ಹಸುರು ಬೆರೆತ ಹಳದಿಯ ಸಣ್ಣ ಗೂಡು. ಸುಮಾರು 400 ಮೀಟರಿಗಿಂತ ಹೆಚ್ಚಿನ ನೂಲನ್ನು ಕೊಡುವುದು ಅಪರೂಪ. ಬೇರೆ ದೇಶದ ಬಿಳಿಗೂಡಿನ ತಳಿಗಳು 1,000 ಮೀಟರು ಕೊಡುವಾಗ ಈ ಬಡ ಹುಳುವನ್ನು ಏಕೆ ಬಿಡಲಿಲ್ಲವೆಂದು ಕೇಳಿದರೆ ಉತ್ತರವು ಒಂದೇ: ಇದು ಬದುಕುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆದರೂ, ಸೆಕೆಯಾದರೂ, ಸೊಪ್ಪು ಒಂದಿಷ್ಟು ಬಾಡಿದ್ದರೂ ಸಾಯದ ಹಟ ಅದಕ್ಕಿತ್ತು. ಆದರೂ ಹಟಕ್ಕೊಂದು ಮಿತಿಯುಂಟಷ್ಟೆ. ಹುಳುವಿನ ರೋಗಗಳಿಗೆ ರೈತರು ಇಟ್ಟ ಹೆಸರುಗಳನ್ನು ಕೇಳಿದರೇನೇ ಆ ಮನೆಗಳಲ್ಲಿ ಕಳೆದ ಸಂಕಟದ ರಾತ್ರಿಗಳು ಕಣ್ಣಿಗೆ ಕಟ್ಟುತ್ತವೆ: ಮೈ ಉಬ್ಬಿ ಹಾಲಿನಂಥ ದ್ರವ ಸೋರಿ ಸಾಯುವುದು ಹಾಲುತೊಂಡೆ, ಮೆತ್ತಗಾಗಿ ಕಪ್ಪಾಗುವುದು ಸಪ್ಪೆ ರೋಗ, ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬಿಳುಪಾಗಿ ಸೆಟೆದುಕೊಳ್ಳುವುದು ಸುಣ್ಣಕಟ್ಟು, ತಾಯಿಯಿಂದ ಮೊಟ್ಟೆಗೆ ಮೊಟ್ಟೆಯಿಂದ ಮರಿಗೆ ಸದ್ದಿಲ್ಲದೆ ಸಾಗುವುದು ಗಂಟು ರೋಗ.

ಮನುಷ್ಯರ ರೋಗಗಳ ಕಾರಣವನ್ನು ಲೋಕವು ಮೊದಲು ಕಲಿತದ್ದು ಈ ಹುಳುವಿನ ಶವದಿಂದಲೇ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಸುಣ್ಣಕಟ್ಟು ರೋಗವನ್ನುಂಟುಮಾಡುವುದು ಒಂದು ಜೀವಂತ ಬೂಷ್ಟು ಎಂದು ಇಟಲಿಯ ಅಗೊಸ್ಟೀನೊ ಬಾಸ್ಸಿ 1835ರಲ್ಲಿ ತೋರಿಸಿದನು. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿಯು ಕಾರಣವೆಂಬುದಕ್ಕೆ ಸಿಕ್ಕ ಮೊದಲ ನಿದರ್ಶನಗಳಲ್ಲಿ ಅದೊಂದು. ಮೂವತ್ತು ವರ್ಷಗಳ ತರುವಾಯ, 1865ರಲ್ಲಿ, ಲೂಯಿ ಪಾಶ್ಚರನು ದಕ್ಷಿಣ ಫ್ರಾನ್ಸಿನ ಹುಳುಮನೆಗಳಿಗೆ ಬಂದು ಗಂಟು ರೋಗವನ್ನು ಹಿಡಿದು ಕುಳಿತನು. ಅವನು ಕೊಟ್ಟ ಉಪಾಯದಲ್ಲಿ ಔಷಧವೇ ಇರಲಿಲ್ಲ: ಪ್ರತಿಯೊಂದು ತಾಯಿಪತಂಗವನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಿಸಿ, ಬಳಿಕ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಬೀಜ ಕಂಡರೆ ಆ ಮೊಟ್ಟೆಗಳನ್ನು ಸುಡು. ಕುಣಿಗಲು ಮಾಗಡಿಗಳ ಬಿತ್ತನೆಗೂಡಿನಿಂದ ಬರುವ ಮೈಸೂರು ತಳಿಯ ಮೊಟ್ಟೆಗೂ ಇಂದಿಗೂ ಇದೇ ಪರೀಕ್ಷೆ.

ಔಷಧದ ಬದಲು ಲಸಿಕೆಯನ್ನಾದರೂ ಹಾಕಲಾಗಲಿಲ್ಲವೇಕೆ? ಹುಳುವಿಗೆ ರೋಗದ ನೆನಪೆಂಬುದಿಲ್ಲ. ಕೀಟದ ಮೈಯಲ್ಲಿ ಶತ್ರುವನ್ನು ಕೊಲ್ಲುವ ಕೆಲವು ಸಿದ್ಧ ರಾಸಾಯನಿಕಗಳುಂಟು, ನುಂಗುವ ಕೋಶಗಳುಂಟು. ಆದರೆ ಬಂದ ಶತ್ರುವಿನ ಅಚ್ಚನ್ನು ತೆಗೆದು ಅದಕ್ಕೆ ಹೊಂದುವ ಪ್ರತಿಕಾಯವನ್ನು ಹೆಣೆದು, ಮುಂದಿನ ಸಲಕ್ಕೆಂದು ಜೋಪಾನ ಮಾಡುವ ವ್ಯವಸ್ಥೆಯು ಅದಕ್ಕೆ ದತ್ತವಾಗಿಲ್ಲ. ಆದಕಾರಣ ಹುಳುವಿನ ಪರವಾಗಿ ನೆನಪಿಟ್ಟುಕೊಳ್ಳುವ ಕೆಲಸವು ಸಾಕುವವನ ಮೇಲೆ ಬಿದ್ದಿತು. ಹುಳುಮನೆಗೆ ಪರರು ಕಾಲಿಡಬಾರದು, ಕೆರ ಹೊರಗೆ ಬಿಡಬೇಕು, ಕೈ ತೊಳೆಯದೆ ಸೊಪ್ಪು ಮುಟ್ಟಬಾರದು, ಬೆಳೆ ಕೆಟ್ಟ ಮನೆಯ ತಟ್ಟೆಯನ್ನು ತರಬಾರದು ಎಂಬ ಕಟ್ಟಳೆಗಳನ್ನು ಮಡಿಯೆಂದೋ ದೃಷ್ಟಿಯೆಂದೋ ಅಜ್ಜಿಯರು ವಿವರಿಸುತ್ತಿದ್ದರು. ವಿವರಣೆ ಏನೇ ಇರಲಿ, ಕಟ್ಟಳೆಯು ಸರಿಯಾಗಿಯೇ ಇದ್ದಿತು. ಪೊರೆ ಬಿಡುವ ಹೊತ್ತಿನಲ್ಲಿ ತಲೆಯೆತ್ತಿ ನಿಶ್ಚಲವಾಗುವ ಹುಳುವನ್ನು ಕಂಡು ಅದಕ್ಕೆ ಜ್ವರವೆಂದು ಕರೆದು, ಮೊದಲನೆಯ ಜ್ವರ ಎರಡನೆಯ ಜ್ವರ ಎಂದು ಎಣಿಸುತ್ತ, ಆಗ ಸೊಪ್ಪು ಹಾಕದೆ ಸುಮ್ಮನಿರುವ ಜನರು, ತಮ್ಮ ಮಕ್ಕಳಿಗಿಂತ ಹೆಚ್ಚು ಎಚ್ಚರಿಕೆಯಿಂದ ಅದನ್ನು ನೋಡಿಕೊಂಡರೆಂದರೆ ಅತಿಶಯೋಕ್ತಿಯಲ್ಲ.

ಮಕ್ಕಳಿಗೆ ಬೇರೆಯ ಭಯವಿದ್ದಿತು. ಊರಿಗೆ ಅಮ್ಮ ಬಂದಳೆಂದರೆ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆಯನ್ನು ನಿಲ್ಲಿಸಿ, ಮಾರಿಗುಡಿಯಲ್ಲಿ ತಂಪು ಮಾಡಿಸಿ ಕಾಯುತ್ತಿದ್ದರು. ಆ ಕಾಲದ ಒಂದು ಆಚರಣೆಯಲ್ಲಿ ಮಾತ್ರ ಆಳವಾದ ವಿವೇಕವಡಗಿದೆ: ಸಿಡುಬಿನ ಮಗುವಿನ ಬಳಿ ಕುಳಿತು ಆರೈಕೆ ಮಾಡುವ ಕೆಲಸವು ಹಿಂದೊಮ್ಮೆ ಅಮ್ಮ ಆಡಿಹೋದವರದು, ಮುಖದಲ್ಲಿ ಕಲೆಗಳಿದ್ದವರದು. ಒಮ್ಮೆ ಬಂದವಳು ಮತ್ತೊಮ್ಮೆ ಬಾರಳೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಆ ಮಾತನ್ನೇ ಶಾಸ್ತ್ರವನ್ನಾಗಿ ಮಾಡಿದ ಜೆನ್ನರನ ಗೋಸಿಡುಬಿನ ಲಸಿಕೆಯು 1802ರ ಜೂನಿನಲ್ಲಿ ಮುಂಬಯಿಯನ್ನು ತಲುಪಿ ಅಲ್ಲಿಂದ ತೋಳಿನಿಂದ ತೋಳಿಗೆ ದಕ್ಷಿಣಕ್ಕೆ ಸಾಗಿತು. ಥಾಮಸ್ ಹಿಕ್ಕಿಯು 1805ರ ಸುಮಾರಿನಲ್ಲಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರವೊಂದರಲ್ಲಿ ರಾಣಿಯೊಬ್ಬಳು ಸೆರಗನ್ನು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿರುವುದು ಆ ಲಸಿಕೆಯನ್ನು ಪ್ರಜೆಗಳಲ್ಲಿ ಪ್ರಚುರಪಡಿಸುವ ಸಲುವಾಗಿಯೇ ಎಂದು ಇತಿಹಾಸಜ್ಞರಲ್ಲಿ ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಆಗ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜರ ಪರವಾಗಿ ರಾಜ್ಯವನ್ನು ನಡೆಸುತ್ತಿದ್ದವರು ಪೂರ್ಣಯ್ಯನವರು. ಎರಡು ವರ್ಷಗಳಲ್ಲಿ ಎಳಂದೂರಿನ ಒಡೆಯರಾಗತಕ್ಕವರು ಅವರೇ. ಗಡಿಯ ಆಚೆ ಈಚೆ ಎರಡೂ ಸರ್ಕಾರಗಳ ಲಸಿಕೆಯವರು ಹಳ್ಳಿಗಳಿಗೆ ಬರತೊಡಗಿದಾಗ ಜನ ಅದಕ್ಕೆ ದೇವಿ ಹಾಕುವುದೆಂದು ಹೆಸರಿಟ್ಟರು. 1975ರಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಗುಣಹೊಂದುವವರೆಗೂ ಆ ಹೆಸರು ಬಾಳಿತು.

ಈಗ ಕೇಳಬೇಕಾದ ಪ್ರಶ್ನೆ ಇದು. ಹುಳುವಿಗಿಲ್ಲದೆ ಮನುಷ್ಯನಿಗಿರುವ ಆ ನೆನಪು ಮೈಯಲ್ಲಿ ಎಲ್ಲಿದೆ? ಲೋಕದಲ್ಲಿ ಹುಟ್ಟಿರುವ ಮತ್ತು ಇನ್ನೂ ಹುಟ್ಟಬೇಕಾಗಿರುವ ಸಮಸ್ತ ರೋಗಾಣುಗಳಿಗೂ ಹೊಂದುವಷ್ಟು ಬಗೆಯ ಪ್ರತಿಕಾಯಗಳನ್ನು ಮೈಯು ಮಾಡಬಲ್ಲುದಾದರೆ, ಅವುಗಳಿಗೆಲ್ಲ ಒಂದೊಂದು ಜೀನು ಇರಬೇಕಷ್ಟೆ; ಆದರೆ ಅಷ್ಟು ಜೀನುಗಳಿಗೆ ಜೀವಕೋಶದಲ್ಲಿ ಸ್ಥಳವೇ ಇಲ್ಲ. ಈ ಒಗಟನ್ನು 1976ರಲ್ಲಿ ಒಡೆದವನು ಬಾಸೆಲ್ ನಗರದಲ್ಲಿ ಕೆಲಸಮಾಡುತ್ತಿದ್ದ ಸುಸುಮು ಟೊನೆಗಾವಾ. ಇಲಿಯ ಭ್ರೂಣದ ಡಿಎನ್‌ಎಯಲ್ಲಿ ದೂರದೂರವಾಗಿದ್ದ ಜೀನಿನ ತುಂಡುಗಳು ಪ್ರತಿಕಾಯವನ್ನು ಮಾಡುವ ಕೋಶದಲ್ಲಿ ಒಂದಕ್ಕೊಂದು ಹತ್ತಿರವಾಗಿ ಕೂಡಿಕೊಂಡಿರುವುದನ್ನು ಅವನು ತನ್ನ ಸಹೋದ್ಯೋಗಿ ಹೊಜುಮಿಯೊಡನೆ ತೋರಿಸಿಕೊಟ್ಟನು. ಮನುಷ್ಯನ ಪ್ರತಿಕಾಯದ ಎರಡು ಬಗೆಯ ಪ್ರೋಟೀನು ಸರಪಣಿಗಳಲ್ಲಿ ಭಾರವಾದುದಕ್ಕೆ ವಿ ಎಂಬ ತುಂಡುಗಳು ಸುಮಾರು 40, ಡಿ ತುಂಡುಗಳು 23, ಜೆ ತುಂಡುಗಳು 6. ಪ್ರತಿಯೊಂದರಿಂದ ಒಂದೊಂದನ್ನು ಆಯ್ದು ಹೊಲಿದರೆ 5,520 ಬಗೆ. ಹಗುರವಾದ ಸರಪಣಿಯೊಡನೆ ಗುಣಿಸಿ, ಹೊಲಿಗೆಯ ಕೀಲಿನಲ್ಲಿ ಆಗುವ ಕಸರುಗಳನ್ನೂ ಕೂಡಿಸಿದರೆ ಲೆಕ್ಕವು ಕೋಟಿಗಳನ್ನು ದಾಟುತ್ತದೆ. ಕೆಲವೇ ಬಣ್ಣದ ಲಾಳಿಗಳಿಂದ ಎಣಿಕೆಗೆ ಸಿಗದಷ್ಟು ಅಂಚುಗಳನ್ನು ನೇಯುವ ದೇವಾಂಗದವನಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಆದರೆ ನನಗೆ ಹೊಲಿಗೆಗಿಂತ ಕತ್ತರಿಯ ಕಥೆಯು ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ತುಂಡುಗಳನ್ನು ಕತ್ತರಿಸುವ ರ‍್ಯಾಗ್ ಒಂದು ಮತ್ತು ರ‍್ಯಾಗ್ ಎರಡು ಎಂಬ ಜೋಡಿ ಪ್ರೋಟೀನುಗಳ ಜೀನುಗಳನ್ನು ಡೇವಿಡ್ ಶಾಟ್ಸ್, ಮಾರ್ಜರಿ ಒಟಿಂಜರ್, ಡೇವಿಡ್ ಬಾಲ್ಟಿಮೋರ್ ಇವರು 1989 ಮತ್ತು 1990ರಲ್ಲಿ ಹಿಡಿದರು. ಪ್ರತಿ ತುಂಡಿನ ಮಗ್ಗುಲಲ್ಲಿಯೂ ಇಲ್ಲಿ ಕತ್ತರಿಸು ಎಂಬ ಒಂದೇ ತೆರನ ಗುರುತು; ಎಲ್ಲ ಗುರುತಿಗೂ ಇದೊಂದೇ ಕತ್ತರಿ. ಬಿ ಲಿಂಫೋಸೈಟೆಂಬ ಬಿಳಿ ರಕ್ತಕೋಶದಲ್ಲಿ ಅದು ಪ್ರತಿಕಾಯದ ಜೀನುಗಳನ್ನು ಕತ್ತರಿಸುತ್ತದೆ, ಟಿ ಲಿಂಫೋಸೈಟಿನಲ್ಲಿ ಶತ್ರುವನ್ನು ಗುರುತಿಸುವ ಆ ಕೋಶದ ಗ್ರಾಹಕದ ಜೀನುಗಳನ್ನು. ಕತ್ತರಿ ಅದೇ, ಗುರುತು ಅದೇ, ಆದರೂ ಕೆಲಸದ ಸರದಿ ತಪ್ಪುವುದಿಲ್ಲ. ಡಿ ಮತ್ತು ಜೆ ಮೊದಲು, ಅನಂತರ ವಿ. ಭಾರವಾದ ಸರಪಣಿ ಮೊದಲು, ಹಗುರವಾದುದು ಆಮೇಲೆ. ಮೈಯ ಸಾಧಾರಣ ಚರ್ಮಕೋಶವೊಂದಕ್ಕೆ ಆ ಕತ್ತರಿಯನ್ನು ಹೊರಗಿನಿಂದ ಕೊಟ್ಟರೆ, ಹೊರಗಿನಿಂದಲೇ ಸೇರಿಸಿದ ಡಿಎನ್‌ಎ ತುಂಡನ್ನು ಅದು ಕತ್ತರಿಸುತ್ತದೆ. ಆದರೆ ಆ ಕೋಶದ ಸ್ವಂತ ಪ್ರತಿಕಾಯ ಜೀನುಗಳನ್ನು ಮುಟ್ಟುವುದಿಲ್ಲ.

ಏಕೆ ಮುಟ್ಟದು? ಉತ್ತರವು ಕೊಳ್ಳೇಗಾಲದ ಕುಲುಮೆಯ ಮುಂದೆ ನಿಂತವನ ಬಾಯಲ್ಲಿ ಬರತಕ್ಕದ್ದು: ಗೂಡು ಬೆಂದಿಲ್ಲ. ಪ್ರತಿ ಕೋಶದಲ್ಲಿ ಸುಮಾರು ಎರಡು ಮೀಟರು ಉದ್ದದ ಡಿಎನ್‌ಎ ಎಳೆಯು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿದೆ. ಒಂದೊಂದು ಉಂಡೆಗೆ 147 ಅಕ್ಷರದಷ್ಟು ಎಳೆ, ಎರಡು ಸುತ್ತಿಗೆ ಸ್ವಲ್ಪ ಕಡಮೆ. ಈ ಸುತ್ತಿದ ಎಳೆಗೆ ಕ್ರೊಮ್ಯಾಟಿನ್ ಎಂದು ಹೆಸರು. ಬಿಗಿಯಾಗಿ ಸುತ್ತಿದಲ್ಲಿ ಗುರುತಿದ್ದರೂ ಕತ್ತರಿಗೆ ಕಾಣದು, ಸಡಿಲವಾದಲ್ಲಿ ಮಾತ್ರ ಅದರ ಬಾಯಿ ತಾಗುತ್ತದೆ. ಕತ್ತರಿಯು ಸಿಗುವುದಕ್ಕೂ ಮುಂಚೆಯೇ, 1985ರಲ್ಲಿ, ಜಾರ್ಜ್ ಯಾಂಕೊಪೌಲಸ್ ಮತ್ತು ಫ್ರೆಡರಿಕ್ ಆಲ್ಟ್ ಎಂಬಿಬ್ಬರು ಈ ಮಾತನ್ನು ಊಹಿಸಿದ್ದರೆಂಬುದು ಗಮನಾರ್ಹ. ಇನ್ನೂ ಕತ್ತರಿಸಲ್ಪಡದ ವಿ ತುಂಡುಗಳು ಎಳೆಯ ಬಿ ಕೋಶಗಳಲ್ಲಿ ಓದಲ್ಪಡುತ್ತಿರುವುದನ್ನು ಅವರು ಕಂಡರು; ಓದಬೇಕಾದರೆ ತೆರೆದಿರಬೇಕು, ತೆರೆದಿದ್ದರೆ ಕತ್ತರಿಗೂ ಸಿಗಬೇಕು ಎಂಬುದು ಅವರ ತರ್ಕ. 1996ರಲ್ಲಿ ಕೋಶಗಳಿಂದ ಎಳೆ ಅಡಗಿರುವ ಬೀಜಗಳನ್ನು (ನ್ಯೂಕ್ಲಿಯಸ್) ಬೇರ್ಪಡಿಸಿ ಅವಕ್ಕೆ ಕತ್ತರಿಯನ್ನು ಬೆರೆಸಿ ನೋಡಿದಾಗ, ಬಿ ಕೋಶದ ಬೀಜದಲ್ಲಿ ಪ್ರತಿಕಾಯದ ಜೀನೂ ಟಿ ಕೋಶದ ಬೀಜದಲ್ಲಿ ಗ್ರಾಹಕದ ಜೀನೂ ಮಾತ್ರವೇ ಕತ್ತರಿಸಲ್ಪಟ್ಟವು. 2007ರಲ್ಲಿ ಇನ್ನೊಂದು ಸೂಕ್ಷ್ಮವು ಹೊರಬಿದ್ದಿತು: ರ‍್ಯಾಗ್ ಎರಡಕ್ಕೆ ಬೆರಳಿನಂಥ ಅಂಗವೊಂದಿದ್ದು, ಸಡಿಲವಾದ ಕ್ರೊಮ್ಯಾಟಿನ್ನಿನ ಹಿಸ್ಟೋನುಗಳ ಬಾಲದ ಮೇಲಿರುವ ಮೂರು ಮಿಥೈಲ್ ಗುಂಪುಗಳ ರಾಸಾಯನಿಕ ಮುದ್ರೆಯನ್ನು ಅದು ತಡವಿ ಗುರುತಿಸುತ್ತದೆ. ಎಳೆಯ ತುದಿ ಹತ್ತಿತೇ ಇಲ್ಲವೇ ಎಂಬುದನ್ನು ಬಿಸಿನೀರಿನೊಳಗೆ ಕಣ್ಣಿಗಿಂತ ಬೆರಳಿನಿಂದಲೇ ತಿಳಿಯುವ ಬಿಚ್ಚುವವಳಂತೆ.

ಉಪಮೆಯನ್ನು ಇದಕ್ಕಿಂತ ದೂರ ಎಳೆದರೆ ಅದೂ ಹರಿದೀತು. ರೇಷ್ಮೆಗೂಡು ಬಿಚ್ಚುವಾಗ ಇಡೀ ಗೂಡು ಒಮ್ಮೆಲೇ ಬೇಯುತ್ತದೆ. ಕೋಶವಾದರೋ ತನಗೆ ಬೇಕಾದ ಮಗ್ಗುಲನ್ನಷ್ಟೇ, ಬೇಕಾದ ಗಳಿಗೆಯಲ್ಲಷ್ಟೇ ಸಡಿಲಿಸುತ್ತದೆ, ಕೆಲಸವಾದ ಮೇಲೆ ಮತ್ತೆ ಮುಚ್ಚುತ್ತದೆ. ಅಂಥ ಆಯ್ಕೆಯ ಬಿಚ್ಚಾಣಿಕೆಯನ್ನು ಮನುಷ್ಯರು ಇನ್ನೂ ಕಲಿತಿಲ್ಲ.

ಆದರೆ ರೇಷ್ಮೆಹುಳು ಕಲಿತಿದೆ. ನೂಲಿನ ಮುಖ್ಯ ಪ್ರೋಟೀನಾದ ಫೈಬ್ರಾಯಿನಿನ ಜೀನು ಅದರ ಕಾಲಿನಲ್ಲಿಯೂ ಇದೆ, ಕಣ್ಣಿನಲ್ಲಿಯೂ ಇದೆ. ನೂಲು ಮಾತ್ರ ಹಿಂಬದಿಯ ರೇಷ್ಮೆಗ್ರಂಥಿಯಲ್ಲಿ ಹುಟ್ಟುತ್ತದೆ. ಆ ಗ್ರಂಥಿಯಲ್ಲಿ ಜೀನಿನ ಪ್ರತಿಗಳು ವಿಶೇಷವಾಗಿ ಹೆಚ್ಚಿರಬಹುದೆಂದು ಶಂಕಿಸಿ ಯೋಷಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತವರ ಸಂಗಡಿಗರು 1972ರಲ್ಲಿ ಎಣಿಸಿ ನೋಡಿದರು: ಉಳಿದ ಜೀನುಗಳಿಗೆ ಹೋಲಿಸಿದರೆ ಎಲ್ಲೆಡೆಯೂ ಪ್ರಮಾಣವು ಒಂದೇ. ವ್ಯತ್ಯಾಸವಿದ್ದುದು ಜೀನಿನ ಎಣಿಕೆಯಲ್ಲಲ್ಲ, ಬಳಕೆಯಲ್ಲಿ. ಹನೂರಿನ ಮಳೆಯಾಶ್ರಿತ ಹೊಲದ ಎಲೆಯನ್ನು ತಿಂದು ನೂಲು ಕಕ್ಕುವ ಹುಳು ಪ್ರತಿಕಾಯವನ್ನು ಕಾಣದಿದ್ದರೂ, ಒಂದೇ ಗ್ರಂಥವನ್ನು ಒಂದೊಂದು ಕೋಣೆಯಲ್ಲಿ ಒಂದೊಂದು ಪುಟಕ್ಕೆ ತೆರೆದಿಡುವ ವಿದ್ಯೆಯಲ್ಲಿ ನಮ್ಮ ಲಿಂಫೋಸೈಟುಗಳಿಗೆ ಸಹಪಾಠಿಯೇ ಸರಿ.

ಇದಕ್ಕಿಂತ ವಿಚಿತ್ರವಾದ ಬಾಂಧವ್ಯವೊಂದಿದೆ. ನಮ್ಮ ಕತ್ತರಿ ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋದ ಕಪಿಟೊನೊವ್ ಮತ್ತು ಯುರ್ಕಾ ಎಂಬವರು 2005ರಲ್ಲಿ, ಕೀಟಗಳೇ ಮೊದಲಾದ ಬೆನ್ನೆಲುಬಿಲ್ಲದ ಪ್ರಾಣಿಗಳ ಡಿಎನ್‌ಎಯಲ್ಲಿ ತನ್ನನ್ನು ತಾನೇ ಕತ್ತರಿಸಿಕೊಂಡು ಬೇರೆಡೆಗೆ ಜಿಗಿಯುವ ಟ್ರಾನ್ಸಿಬ್ ಎಂಬ ಅಲೆಮಾರಿ ಜೀನು ರ‍್ಯಾಗ್ ಒಂದಕ್ಕೆ ನೆಂಟನೆಂದು ತೋರಿಸಿದರು. 2019ರಲ್ಲಿ ಶಾಟ್ಸನ ಬಳಗವು ಅಂಥ ಒಂದು ಅಲೆಮಾರಿಯ ಆಕೃತಿಯನ್ನು ಬಿಡಿಸಿಟ್ಟಾಗ ಅದು ರ‍್ಯಾಗಿನ ಅಚ್ಚನ್ನೇ ಹೋಲುತ್ತಿದ್ದಿತು. ಅದನ್ನು ತೆಗೆದುಕೊಂಡದ್ದು ಅಮೆರಿಕದ ಮೆಕ್ಕೆಜೋಳದ ತೆನೆ ಕೊರೆಯುವ ಒಂದು ಪತಂಗದಿಂದ. ಆ ಪತಂಗದ ಹತ್ತಿರದ ದಾಯಾದಿಯೇ ನಮ್ಮ ತೊಗರಿ ಅವರೆಗಳ ಕಾಯಿಕೊರಕ. ಹನೂರಿನ ರೈತನು ಸಂಜೆ ಶಪಿಸುವ ಹುಳು ಅದೇ. ಸುಮಾರು ಐವತ್ತು ಕೋಟಿ ವರ್ಷಗಳ ಹಿಂದೆ ಅಂಥದೊಂದು ಅಲೆಮಾರಿಯು ಬೆನ್ನೆಲುಬಿನ ಪ್ರಾಣಿಗಳ ಪೂರ್ವಜನೊಬ್ಬನ ಮನೆ ಸೇರಿ, ಕಳ್ಳತನವನ್ನು ಬಿಟ್ಟು ಕಾವಲಿಗೆ ನಿಂತಿತು. ಹಳೆಯ ಚಾಳಿ ಪೂರ್ತಿ ಹೋಗಿಲ್ಲ. ತೆರೆಯಬಾರದ ಎಡೆಯಲ್ಲಿ ಅದರ ಬಾಯಿ ಬಿದ್ದರೆ ಲಿಂಫೋಮಾ ಲ್ಯೂಕೇಮಿಯಗಳೆಂಬ ಕ್ಯಾನ್ಸರುಗಳಿಗೆ ನಾಂದಿಯಾಗುವುದುಂಟು. ರ‍್ಯಾಗ್ ಹೀಗೆ ತಪ್ಪಿ ಕತ್ತರಿಸುವ ಎಡೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ಪ್ರಯೋಗಶಾಲೆಯು ಶೋಧಿಸುತ್ತ ಬಂದಿದೆ.

ಇನ್ನು ಹೊರಟಲ್ಲಿಗೇ ಮರಳೋಣ. 1980ರಲ್ಲಿ ಬಂಗಾಳದ ಕಡೆಯಿಂದ ಈ ನಾಡನ್ನು ಹೊಕ್ಕ, ಹುಳುವಿಗೆ ಶತ್ರುವಾದ ಊಜಿ ನೊಣವು ಕೊಳ್ಳೇಗಾಲದ ಹುಳುಮನೆಗಳಿಗೂ ಬಂದಿತು, ಕಿಟಕಿಗಳಿಗೆ ಬಲೆಯೂ ಬಂದಿತು. ಶುದ್ಧ ಮೈಸೂರು ತಳಿಯು ತಾಯಿಯಾಗಿ, ಬಿಳಿಗೂಡಿನ ತಳಿಯು ತಂದೆಯಾಗಿ ಮಿಶ್ರತಳಿಯ ಗೂಡು ಪೇಟೆಯನ್ನು ತುಂಬಿತು. ಚರಕದ ಬದಲಿಗೆ ಹಲವೆಡೆ ಕಾಟೇಜ್ ಬೇಸಿನ್ ಎಂಬ ಬಿಚ್ಚಾಣಿಕೆಯ ಸಲಕರಣೆ ಕುಳಿತಿದೆ. ಬೇಯಿಸುವ ಬಾಣಲೆಯ ಮುಂದಿನ ಕೆಲಸ ಮಾತ್ರ ಬದಲಾಗಿಲ್ಲ. ಕದಡಿದ ಗೂಡುಗಳಲ್ಲಿ ತುದಿ ಸಿಕ್ಕವನ್ನು ಬಿಚ್ಚುವವಳು ಕಣ್ಣಿಗೆ ಹಾಯಿಸುತ್ತಾಳೆ. ಸಿಕ್ಕದವನ್ನು ಕಡ್ಡಿಯಿಂದ ಒತ್ತಿ, ಇನ್ನೊಂದು ಗಳಿಗೆ ಬೇಯಲೆಂದು ಕುದಿನೀರಿಗೇ ಮರಳಿ ತಳ್ಳುತ್ತಾಳೆ.